ತಿಕೋಟಾದಿಂದ ವಿಜಯಪುರ: 20 ಕಿಲೋಮೀಟರಿನ ಸೈಕಲ್ ಇತಿಹಾಸ

ಬೆಳಗಿನ ಆರು ಗಂಟೆಗೆ ವಿಜಯಪುರದಿಂದ ಹೊರಬೀಳುವ ಯಾವುದಾದರೂ ದೊಡ್ಡ ರಸ್ತೆಯ ಬದಿ ನಿಂತು ನೋಡಿ. ಎರಡು ನಮೂನೆಯ ಸೈಕಲ್ ಕಾಣುತ್ತವೆ. ಒಂದು, ಒಂದೇ ಕೈಯಲ್ಲಿ ಎತ್ತಬಹುದಾದಷ್ಟು ಹಗುರ. ಹದಿನೈದು ಹದಿನಾರು ವಯಸ್ಸಿನ ಹುಡುಗ ಅಥವಾ ಹುಡುಗಿ, ತಲೆಗೆ ಹೆಲ್ಮೆಟ್, ಬೆನ್ನು ಬಾಗಿಸಿ ಗಾಳಿಗೆ ಎದುರಾಗಿ ತುಳಿಯುತ್ತಿರುತ್ತಾರೆ. ಹಿಂದೆ ಬೈಕ್ ಮೇಲೆ ಕೋಚ್. ಇನ್ನೊಂದು, ಕ್ಯಾರಿಯರ್ ಮೇಲೆ ಮೇವಿನ ಹೊರೆ, ಹ್ಯಾಂಡಲ್‌ಗೆ ಹಾಲಿನ ಕ್ಯಾನು ತೂಗುಹಾಕಿಕೊಂಡ ಕರೀ ಸೈಕಲ್. ಸವಾರನಿಗೆ ಅರವತ್ತು ದಾಟಿದೆ. ಮೊದಲನೆಯದರ ಬೆಲೆ ಲಕ್ಷದ ಲೆಕ್ಕದಲ್ಲಿ. ಎರಡನೆಯದನ್ನು ಗುಜರಿಯವನು ತೂಕಕ್ಕೆ ಹಾಕಿ ಕೇಳುತ್ತಾನೆ.

ಈ ಇಬ್ಬರ ನಡುವಿನವರು ಮಾತ್ರ ಕಾಣುವುದಿಲ್ಲ. ಇಪ್ಪತ್ತೈದರಿಂದ ಐವತ್ತರ ಗಂಡಸು ಕೆಲಸಕ್ಕೆ ಸೈಕಲ್ ಮೇಲೆ ಹೋಗುವುದು, ಹೆಣ್ಣುಮಗಳು ಸಂತೆಗೆ ಸೈಕಲ್ ತುಳಿಯುವುದು ಅಪರೂಪ. ನಮ್ಮ ಜಿಲ್ಲೆಗೆ ಸೈಕ್ಲಿಂಗ್‌ನ ತವರು ಅಂತ ಕ್ರೀಡಾಲೋಕದಲ್ಲಿ ಹೆಸರಿದೆ. ರಾಷ್ಟ್ರಮಟ್ಟದಲ್ಲಿ ಕರ್ನಾಟಕಕ್ಕೆ ಪದಕ ತರುವ ತಂಡಗಳಲ್ಲಿ ವಿಜಯಪುರ, ಬಾಗಲಕೋಟೆ ಕಡೆಯ ಮಕ್ಕಳು ಇದ್ದೇ ಇರುತ್ತಾರೆ. ಹಾಗಿದ್ದೂ ಸೈಕಲ್ ಇಲ್ಲಿ ಒಂದೋ ಪದಕದ ವಸ್ತು, ಇಲ್ಲವೋ ಬಡತನದ ಗುರುತು. ಇದು ಹೀಗೆ ಹೇಗೆ ಆಯಿತು ಅಂತ ತಿಳಿಯಬೇಕಾದರೆ ತಿಕೋಟಾದಿಂದ ವಿಜಯಪುರದವರೆಗಿನ ಹೆಚ್ಚುಕಡಿಮೆ 20 ಕಿಲೋಮೀಟರ್ ರಸ್ತೆಯೊಂದೇ ಸಾಕು.

ಮೊದಲು ಸೈಕಲ್ ಎಲ್ಲಿಂದ ಬಂತು ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಎಂಬಾತ ಎರಡು ಕಟ್ಟಿಗೆ ಗಾಲಿಯ ಗಾಡಿ ಮಾಡಿದ. ಅದಕ್ಕೆ ಪೆಡಲ್ ಇರಲಿಲ್ಲ, ಕಾಲಿನಿಂದ ನೆಲ ಒದ್ದು ಓಡಿಸಬೇಕಿತ್ತು. 1860ರ ದಶಕದಲ್ಲಿ ಪ್ಯಾರಿಸಿನಲ್ಲಿ ಮುಂದಿನ ಗಾಲಿಗೆ ಪೆಡಲ್ ಬಂತು. ಆಮೇಲೆ ಮುಂದಿನ ಗಾಲಿ ಆಳೆತ್ತರ, ಹಿಂದಿನದು ಅಂಗೈ ಅಗಲ ಅನ್ನುವಂಥ ವಿಚಿತ್ರ ಸೈಕಲ್ಲುಗಳು ಇಂಗ್ಲೆಂಡಿನಲ್ಲಿ ಓಡಾಡಿದವು. ಬಿದ್ದರೆ ತಲೆ ಕೆಳಗಾಗಿಯೇ ಬೀಳಬೇಕು. 1885ರಲ್ಲಿ ಕೊವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಗಾಲಿ ಸಮ ಇರುವ, ಚೈನು ಹಿಂದಿನ ಗಾಲಿಯನ್ನು ತಿರುಗಿಸುವ ರೋವರ್ ಸೈಕಲ್ ತಂದ. 1888ರಲ್ಲಿ ಡನ್‌ಲಪ್ ಹವಾ ತುಂಬಿದ ಟಯರ್ ಕೊಟ್ಟ. ಇವತ್ತು ನಿಮ್ಮ ಮನೆಯ ಗೋಡೆಗೆ ಒರಗಿದ ಸೈಕಲ್ಲಿನ ಆಕಾರ ಆ ರೋವರ್‌ನದೇ.

ಇದೇ ಹೊತ್ತಿಗೆ ನಮ್ಮಲ್ಲಿ ಏನಾಗುತ್ತಿತ್ತು ನೋಡಿ. 1884ರಲ್ಲಿ ಹೋಟಗಿ–ಗದಗ ರೈಲು ಮಾರ್ಗ ವಿಜಾಪುರಕ್ಕೆ ಬಂತು. ಅದೇ ಸುಮಾರಿಗೆ ಕಲಾದಗಿಯಲ್ಲಿದ್ದ ಜಿಲ್ಲಾ ಕೇಂದ್ರವೂ ಇಲ್ಲಿಗೆ ಬಂತು. ಆದಿಲ್‌ಶಾಹಿಗಳ ಪಾಳುಬಿದ್ದ ರಾಜಧಾನಿಯಲ್ಲಿ ಕಚೇರಿ, ಕಾರಕೂನರು, ವಕೀಲರು, ಮಾಸ್ತರರು ತುಂಬಿಕೊಂಡರು. ಊರು ದೊಡ್ಡದು, ಹಳೆಯ ಕೋಟೆಗೋಡೆಯ ಸುತ್ತಳತೆಯೇ ಸುಮಾರು 10 ಕಿಲೋಮೀಟರ್. ನೆಲ ಮಾತ್ರ ರೊಟ್ಟಿ ಬಡಿದಂತೆ ಸಪಾಟು. ಪೂರ್ವದ ಗೋಳಗುಮ್ಮಟದಿಂದ ಪಶ್ಚಿಮದ ಇಬ್ರಾಹಿಂ ರೋಜಾದವರೆಗೆ ಹೋಗಲು ಟಾಂಗಾ ಬೇಕು, ಇಲ್ಲವೇ ಕಾಲು ಬೇಕು. ಸೈಕಲ್ಲಿಗೆ ಹೇಳಿ ಮಾಡಿಸಿದ ಊರು. ಬ್ರಿಟಿಷರ ಕಾಲದಲ್ಲಿ ಬಂದ ಸೈಕಲ್ಲುಗಳು ರ್‍ಯಾಲೆ, ಹರ್ಕ್ಯುಲಿಸ್, ಬಿಎಸ್ಎ, ಹಂಬರ್, ಎಲ್ಲ ಇಂಗ್ಲೆಂಡಿನವು. ಮುಂಬೈ ಬಂದರಿಗೆ ಇಳಿದು ರೈಲಿನಲ್ಲಿ ಬರುತ್ತಿದ್ದ ಮಾಲು. ಹಾಗಾಗಿ ಮೊದಮೊದಲು ಸೈಕಲ್ ಅಂದರೆ ಸಾಹೇಬರದು, ಡಾಕ್ಟರದು, ದೊಡ್ಡ ಜಮೀನಿನವರದು.

ಹಳ್ಳಿಗೆ ಅದು ಇಳಿದದ್ದು ಸ್ವಾತಂತ್ರ್ಯದ ನಂತರ. 1949ರಲ್ಲಿ ಮದ್ರಾಸಿನ ಅಂಬತ್ತೂರಿನಲ್ಲಿ ಟಿಐ ಸೈಕಲ್ಸ್ ಶುರುವಾಯಿತು, ಹರ್ಕ್ಯುಲಿಸ್ ಇಲ್ಲೇ ತಯಾರಾಗತೊಡಗಿತು. 1951ರಲ್ಲಿ ಹರಿಯಾಣದ ಸೋನಿಪತ್‌ನಲ್ಲಿ ಜಾನಕಿದಾಸ್ ಕಪೂರ್ ಅಟ್ಲಾಸ್ ಕಂಪನಿ ಕಟ್ಟಿದರು. ಬಂಗಾಳದ ಆಸನ್‌ಸೋಲ್‌ನಲ್ಲಿ ಸೇನ್-ರ್‍ಯಾಲೆ ಬಂತು. 1956ರಲ್ಲಿ ಲುಧಿಯಾನದಲ್ಲಿ ಮುಂಜಾಲ್ ಅಣ್ಣತಮ್ಮಂದಿರು ಹೀರೋ ಸೈಕಲ್ಸ್ ಶುರು ಮಾಡಿದರು. ಅದೇ 1956ರಲ್ಲಿ ನಮ್ಮ ಜಿಲ್ಲೆ ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿತು. ಮೂವತ್ತು ವರ್ಷದಲ್ಲಿ, 1986ರಲ್ಲಿ, ಜಗತ್ತಿನಲ್ಲೇ ಅತಿ ಹೆಚ್ಚು ಸೈಕಲ್ ತಯಾರಿಸುವ ಕಂಪನಿ ಅಂತ ಹೀರೋ ಗಿನ್ನೆಸ್ ದಾಖಲೆ ಸೇರಿತು. ಆ ಸೈಕಲ್ಲುಗಳೇ ನಮ್ಮ ಎರೆಹೊಲಗಳ ಬದುವಿನ ಮೇಲೆ ಬಂದವು.

ಆ ಕರೀ ಸೈಕಲ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಈಗಿನ ಹುಡುಗರು ಅದನ್ನು ನೋಡಿ ನಗುತ್ತಾರೆ. ನನ್ನ ಪ್ರಕಾರ ಅದರಷ್ಟು ಯೋಚನೆ ಮಾಡಿ ಮಾಡಿದ ವಸ್ತು ನಮ್ಮ ಹಳ್ಳಿಗೆ ಬಂದದ್ದು ಕಡಿಮೆ.

ಇಪ್ಪತ್ತು ಕಿಲೋಗೂ ಮೇಲೆ ತೂಕ. 28 ಇಂಚಿನ ದೊಡ್ಡ ಗಾಲಿ, ಅದಕ್ಕೇ ಗುಂಡಿಯ ಮೇಲೆ ಹಾಯ್ದರೂ ಒಳಗೆ ಇಳಿಯದೆ ದಾಟುತ್ತದೆ. ಬ್ರೇಕಿಗೆ ವೈರ್ ಇಲ್ಲ, ಕಬ್ಬಿಣದ ಸಲಾಕೆ. ವೈರ್ ಹರಿದರೆ ಹಳ್ಳಿಯಲ್ಲಿ ಹೊಸದು ಎಲ್ಲಿ ಸಿಗಬೇಕು? ಸಲಾಕೆ ಬಾಗಿದರೆ ಕಮ್ಮಾರನೇ ನೆಟ್ಟಗೆ ಮಾಡುತ್ತಾನೆ. ಚೈನಿಗೆ ಪೂರ್ತಿ ತಗಡಿನ ಮುಚ್ಚಳ, ಧೋತರ ಸಿಕ್ಕಿಹಾಕಿಕೊಳ್ಳಬಾರದು ಅಂತ. ಮುಚ್ಚಳ ಇಲ್ಲದವರು ಧೋತರದ ಚುಂಗಿಗೆ ಕ್ಲಿಪ್ ಹಾಕಿಕೊಳ್ಳುತ್ತಿದ್ದರು. ಹೊರೆ ಹೊರುವವರಿಗೆ ಮೇಲೆ ಎರಡು ಪಟ್ಟಿಯ ಡಬಲ್ ಬಾರ್ ಸೈಕಲ್. ಹಿಂದೆ ಕ್ಯಾರಿಯರ್ ಮೇಲೆ ಒಂದು ಚೀಲ ಜೋಳ, ಮುಂದೆ ಬಾರ್ ಮೇಲೆ ಮಗು. ಸೀಟು ಚರ್ಮದ್ದು, ಕೆಳಗೆ ಸ್ಪ್ರಿಂಗ್. ಮೊದಲ ವರ್ಷ ಅದು ಕೂತವನನ್ನು ಕಾಡುತ್ತದೆ, ಆಮೇಲೆ ಕೂತವನ ಆಕಾರಕ್ಕೇ ಬಂದುಬಿಡುತ್ತದೆ. ಬೇರೆಯವರ ಸೈಕಲ್ ಹತ್ತಿದರೆ ಕೂಡಲೇ ಗೊತ್ತಾಗುತ್ತಿತ್ತು.

ಈ ಸೈಕಲ್ಲಿಗೂ ಜಗ್ಗದ್ದು ನಮ್ಮ ಎರೆ ಮಣ್ಣು ಒಂದೇ. ಮಳೆ ಬಿದ್ದ ಮರುಗಳಿಗೆ ಗಾಲಿಗೆ ಮಣ್ಣು ಮೆತ್ತಿಕೊಂಡು ಮಡ್ಗಾರ್ಡ್ ಒಳಗೆ ಗಟ್ಟಿಯಾಗಿ ಗಾಲಿ ನಿಂತೇ ಬಿಡುತ್ತದೆ. ಕಡ್ಡಿ ತೆಗೆದುಕೊಂಡು ಕೆರೆಯಬೇಕು, ನಾಲ್ಕು ಹೆಜ್ಜೆ ಹೋಗಬೇಕು, ಮತ್ತೆ ಕೆರೆಯಬೇಕು. ಕೊನೆಗೆ ಸೈಕಲ್ ಮನುಷ್ಯನನ್ನು ಹೊರುವ ಬದಲು ಮನುಷ್ಯನೇ ಸೈಕಲ್ ಹೊತ್ತು ಡಾಂಬರು ರಸ್ತೆ ಮುಟ್ಟುತ್ತಿದ್ದ. ಕೆಲವರು ಮಳೆಗಾಲಕ್ಕೆ ಮಡ್ಗಾರ್ಡನ್ನೇ ಬಿಚ್ಚಿಡುತ್ತಿದ್ದರು. ಬೇಸಿಗೆಗೆ ಇನ್ನೊಂದು ಶತ್ರು, ಬಳ್ಳಾರಿ ಜಾಲಿಯ ಮುಳ್ಳು. ಅದಕ್ಕೇ ಪಂಕ್ಚರ್ ಅಂಗಡಿಗೆ ಹಳ್ಳಿಯಲ್ಲಿ ಎಂದೂ ಕೆಲಸ ಕಡಿಮೆ ಇರಲಿಲ್ಲ. ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಅದ್ದಿ ಗುಳ್ಳೆ ಏಳುವ ಜಾಗಕ್ಕೆ ಕಡ್ಡಿ ಚುಚ್ಚಿ ಗುರುತು ಮಾಡುವುದು, ಪಾಲಿಶ್ ಕಾಗದದಿಂದ ಉಜ್ಜುವುದು, ಸಲ್ಯೂಷನ್ ಹಚ್ಚಿ ಊದುವುದು, ತುಂಡು ಅಂಟಿಸಿ ಸುತ್ತಿಗೆಯಿಂದ ಬಡಿಯುವುದು. ಇದನ್ನು ಕಣ್ಣರಳಿಸಿ ನೋಡುತ್ತ ಕುಳಿತ ಮಕ್ಕಳ ಪೈಕಿ ಎಷ್ಟೋ ಜನ ಮುಂದೆ ಮೆಕ್ಯಾನಿಕ್ ಆದರು.

ಸ್ವಂತ ಸೈಕಲ್ ಇಲ್ಲದವರಿಗೆ ಬಾಡಿಗೆ ಸೈಕಲ್. ತಾಸಿಗೆ ಇಷ್ಟು ಅಂತ ಪೈಸೆ. ಮಡ್ಗಾರ್ಡ್ ಮೇಲೆ ಬಿಳಿ ಬಣ್ಣದಲ್ಲಿ ಅಂಗಡಿಯ ಹೆಸರು, ಸೈಕಲ್ ನಂಬರು. ಅಂಗಡಿಯವನು ಗಡಿಯಾರ ನೋಡಿ ವಹಿಯಲ್ಲಿ ಬರೆದುಕೊಳ್ಳುತ್ತಿದ್ದ. ಗುರುತು ಇಲ್ಲದವರಿಗೆ ಕೊಡುತ್ತಿರಲಿಲ್ಲ, ಯಾರದಾದರೂ ಹೆಸರು ಹೇಳಬೇಕು. ಹುಡುಗರಿಗೆ ಆ ಎತ್ತರದ ಸೀಟು ಸಿಗುವುದು ಎಲ್ಲಿ? ಬಾರಿನ ಕೆಳಗಿನಿಂದ ಒಂದು ಕಾಲು ತೂರಿಸಿ, ಸೊಟ್ಟಗೆ ನೇತಾಡಿ ಒಳಪೆಡಲು ತುಳಿಯುವುದು. ಮೊಣಕಾಲು ಕೆತ್ತಿಕೊಳ್ಳದೆ ಸೈಕಲ್ ಕಲಿತವರು ನಮ್ಮ ಕಡೆ ಇಲ್ಲ. ನಗರದ ಮಕ್ಕಳು ಹಿಂದೆ ಎರಡು ಸಣ್ಣ ಗಾಲಿ ಇರುವ ಸೈಕಲ್ ಮೇಲೆ ಕಲಿಯುತ್ತಾರೆ, ಅದನ್ನು ಕಲಿಕೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಒಬ್ಬ ಮನುಷ್ಯ ತಾಸಿಗೆ ಐದು ಕಿಲೋಮೀಟರ್ ನಡೆಯುತ್ತಾನೆ ಅಂದುಕೊಳ್ಳಿ. ತಿಕೋಟಾದಿಂದ ವಿಜಾಪುರಕ್ಕೆ ನಾಲ್ಕು ತಾಸು, ವಾಪಸು ನಾಲ್ಕು. ದಿನ ಮುಗಿಯಿತು. ಸೈಕಲ್ ಮೇಲೆ ಒಂದೂವರೆ ತಾಸು. ಅಷ್ಟೇ ದೂರ ನಡೆಯಲು ಬೇಕಾಗುವ ಶಕ್ತಿಯ ಐದನೇ ಒಂದು ಪಾಲು ಸೈಕಲ್ಲಿಗೆ ಸಾಕು ಅಂತ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಅಂದರೆ ಬೆಳಿಗ್ಗೆ ಹಾಲು ಹಾಕಿ, ಕೋರ್ಟಿನ ತಾರೀಖು ಮುಗಿಸಿ, ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರುಕಟ್ಟೆಯಲ್ಲಿ ಸಾಮಾನು ಹೇರಿಕೊಂಡು, ಮಧ್ಯಾಹ್ನದ ಹೊಲದ ಕೆಲಸಕ್ಕೆ ಊರು ಮುಟ್ಟಬಹುದು. ಕಾಲೇಜಿಗೆ ಹೋಗಿ ಸಂಜೆ ಮನೆಗೆ ಬರಬಹುದು. ರೂಮು ಬಾಡಿಗೆ ಕೊಡಲಾಗದ ಎಷ್ಟೋ ಮನೆಯ ಮೊದಲ ಪದವೀಧರರು ಹೀಗೇ ಓದಿದವರು. ತಮ್ಮ ಹಳ್ಳಿಯ ಹಿರಿಯ ಮಾಸ್ತರರನ್ನು ಕೇಳಿ ನೋಡಿ, ಹೆಚ್ಚಿನವರ ಕತೆಯಲ್ಲಿ ಒಂದು ಸೈಕಲ್ ಇರುತ್ತದೆ.

ದಾರಿಯಲ್ಲಿ ತೊರವಿ. ಕುಮಾರ ವಾಲ್ಮೀಕಿ ಎಂದು ಹೆಸರಾದ ನರಹರಿ ತೊರವೆ ರಾಮಾಯಣ ಬರೆದ ಊರು, ಎರಡನೇ ಇಬ್ರಾಹಿಂ ಆದಿಲ್‌ಶಾಹಿ ನವರಸಪುರ ಕಟ್ಟಲು ಹೊರಟ ಜಾಗ. ಪಶ್ಚಿಮದ ಹಳ್ಳಿಗಳಿಂದ ಸೈಕಲ್ ಮೇಲೆ ಬಂದವರಿಗೆ ಅದು ಕೊನೆಯ ಉಸಿರಾಟದ ಜಾಗ. ಸಂಗೀತ ಮಹಲಿನ ನೆರಳು ಕಂಡಿತೆಂದರೆ ವಿಜಾಪುರ ಬಂದಂತೆ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಈ ರಸ್ತೆಯಲ್ಲಿ ಚಕ್ಕಡಿ ಎಷ್ಟೋ, ಸೈಕಲ್ ಅಷ್ಟು.

ನಗರದೊಳಗೆ ಹೋದರೆ ಕಾಯ್ದೆ. ಆಗ ಪುರಸಭೆಗಳು ಸೈಕಲ್ಲಿಗೂ ತೆರಿಗೆ ಹಾಕುತ್ತಿದ್ದವು. ಕಟ್ಟಿದವರಿಗೆ ತಗಡಿನ ಬಿಲ್ಲೆ, ಅದನ್ನು ಸೈಕಲ್ಲಿಗೆ ಕಟ್ಟಿರಬೇಕು. ರಾತ್ರಿ ದೀಪ ಇಲ್ಲದೆ ಓಡಿಸಿದರೆ, ಇಬ್ಬರು ಕುಳಿತರೆ ಪೊಲೀಸರು ಹಿಡಿಯುತ್ತಿದ್ದರು, ಗಾಲಿಯ ಹವಾ ಬಿಡುವುದೂ ಇತ್ತು. ಮೊದಲು ಸೀಮೆಎಣ್ಣೆಯ ದೀಪ, ಆಮೇಲೆ ಟಯರಿಗೆ ತಾಗಿ ತಿರುಗುವ ಡೈನಮೋ. ಡೈನಮೋ ಹಾಕಿದರೆ ಸೈಕಲ್ ಭಾರವಾಗುತ್ತದೆ, ತುಳಿದಷ್ಟೇ ಬೆಳಕು, ನಿಂತರೆ ಕತ್ತಲೆ. ಇವತ್ತು ಕಾನೂನು ಸೈಕಲ್ಲನ್ನು ಹಿಡಿಯುವುದಿಲ್ಲ, ಗಮನಿಸುವುದೂ ಇಲ್ಲ. ಹಿಡಿಯುತ್ತಿದ್ದ ಕಾಲದಲ್ಲಿ ರಸ್ತೆಯ ಲೆಕ್ಕದಲ್ಲಿ ಅದಕ್ಕೊಂದು ಜಾಗವಾದರೂ ಇತ್ತು ಅಂತ ನನಗೆ ಅನಿಸುತ್ತದೆ.

ಈಗ ಈ ಕತೆಯ ಅಷ್ಟು ಚಂದವಲ್ಲದ ಭಾಗ. ಸೈಕಲ್ ಹಳ್ಳಿಗೆ ಬಂದದ್ದು ಅಂಗಡಿಯ ಮೂಲಕ ಮಾತ್ರ ಅಲ್ಲ, ಮದುವೆಯ ಮೂಲಕವೂ. ಸೈಕಲ್, ಕೈಗಡಿಯಾರ, ರೇಡಿಯೋ. ಈ ಮೂರು ಇಲ್ಲದೆ ಅಳಿಯ ಒಪ್ಪುತ್ತಿರಲಿಲ್ಲ ಅನ್ನುವ ಕಾಲ ನಮ್ಮ ಅಜ್ಜಂದಿರದು. ವರದಕ್ಷಿಣೆ ನಿಷೇಧ ಕಾಯ್ದೆ 1961ರಲ್ಲೇ ಬಂದರೂ ಸೈಕಲ್ಲನ್ನು ಯಾರೂ ವರದಕ್ಷಿಣೆ ಅನ್ನಲಿಲ್ಲ, ಉಡುಗೊರೆ ಅಂದರು. ದುಡ್ಡು ಕೊಟ್ಟವನು ಹುಡುಗಿಯ ಅಪ್ಪ. ಅದಕ್ಕಾಗಿ ಎತ್ತು ಮಾರಿದವರು, ಸಾಲ ಮಾಡಿದವರು ಇದ್ದಾರೆ. ಸವಾರಿ ಮಾತ್ರ ಅಳಿಯನದು. ಹುಡುಗಿ ಕ್ಯಾರಿಯರ್ ಮೇಲೆ ಒಂದೇ ಬದಿಗೆ ಕಾಲು ಇಳಿಬಿಟ್ಟು, ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ಸೀಟಿನ ಸ್ಪ್ರಿಂಗ್ ಹಿಡಿದು ಕುಳಿತಳು. ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳು ತಮ್ಮ ತವರಿನ ದುಡ್ಡಿನ ಸೈಕಲ್ಲಿನ ಹ್ಯಾಂಡಲನ್ನು ಒಮ್ಮೆಯೂ ಹಿಡಿಯದೆ ಮುದುಕಿಯರಾದರು.

ಬಾರ್ ಇಲ್ಲದ, ತಗ್ಗಿದ ಚೌಕಟ್ಟಿನ ಲೇಡೀಸ್ ಸೈಕಲ್ ಇರಲಿಲ್ಲವೆಂದಲ್ಲ. ಇಂಗ್ಲೆಂಡಿನಲ್ಲಿ ಉದ್ದ ಲಂಗದ ಹೆಂಗಸರಿಗೆ ಅಂತ ಅದನ್ನು 19ನೇ ಶತಮಾನದ ಕೊನೆಗೇ ಮಾಡಿದ್ದರು. ಇಳಕಲ್ ಸೀರೆಗೂ ಅದು ಹೊಂದುತ್ತಿತ್ತು. ಆದರೆ ನಮ್ಮಲ್ಲಿ ಅದನ್ನು ಹತ್ತಿದವರು ಪೇಟೆಯ ನರ್ಸ್, ಟೀಚರ್, ಅಷ್ಟೇ. ಅಮೆರಿಕದಲ್ಲಿ ಹೆಂಗಸರ ಮತದಾನದ ಹಕ್ಕಿಗಾಗಿ ಹೋರಾಡಿದ ಸೂಸನ್ ಆಂಥನಿ 1896ರಲ್ಲೇ, ಹೆಣ್ಣಿನ ಬಿಡುಗಡೆಗೆ ಸೈಕಲ್ ಮಾಡಿದಷ್ಟು ಉಪಕಾರ ಬೇರೆ ಯಾವುದೂ ಮಾಡಿಲ್ಲ ಎಂಬರ್ಥದ ಮಾತು ಆಡಿದ್ದರು. ನಮ್ಮ ಪಕ್ಕದ ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಹಳ್ಳಿಯ ಹೆಂಗಸರಿಗೆ ಸೈಕಲ್ ಕಲಿಸಿದರು. ಆಗಿನ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್. ಕಲ್ಲುಗಣಿಯ ಕೂಲಿಯವರು, ಅಂಗನವಾಡಿಯವರು ಸಾವಿರ ಸಾವಿರ ಸಂಖ್ಯೆಯಲ್ಲಿ ಕಲಿತರು. ಲೇಡೀಸ್ ಸೈಕಲ್ ಸಾಲದೆ ಹೋದಾಗ ಗಂಡಸರ ಬಾರ್ ಸೈಕಲ್ಲನ್ನೇ ಹತ್ತಿದರು. ಬಾರ್ ಇದ್ದರೆ ಮುಂದೆ ಮಗುವನ್ನು ಕೂರಿಸಬಹುದು ಅನ್ನುವ ಕಾರಣಕ್ಕೆ ಅದೇ ಬೇಕು ಅಂದವರೂ ಇದ್ದರಂತೆ. ಪತ್ರಕರ್ತ ಪಿ. ಸಾಯಿನಾಥ್ ಇದನ್ನು ವಿವರವಾಗಿ ಬರೆದಿದ್ದಾರೆ. ಹಳ್ಳಿಯ ಪತ್ರಿಕೋದ್ಯಮ ಮಾಡುವ ನಮ್ಮಂಥವರು ಓದಲೇಬೇಕಾದ ಬರಹ.

ಕರ್ನಾಟಕದಲ್ಲಿ ಆ ತಿರುವು ಬಂದದ್ದು 2006-07ರಲ್ಲಿ. ಕುಮಾರಸ್ವಾಮಿ ಮುಖ್ಯಮಂತ್ರಿ, ಯಡಿಯೂರಪ್ಪ ಹಣಕಾಸು ಸಚಿವ. ಸರ್ಕಾರಿ ಪ್ರೌಢಶಾಲೆಗೆ ಸೇರುವ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಶುರುವಾಯಿತು, ಮರುವರ್ಷ ಗಂಡುಮಕ್ಕಳಿಗೂ ವಿಸ್ತರಿಸಿತು. ಎಂಟನೇ ತರಗತಿಯೇ ಯಾಕೆ? ನಮ್ಮ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಏಳನೆಯವರೆಗೆ ಶಾಲೆ. ಎಂಟಕ್ಕೆ ಹೋಗಬೇಕಾದರೆ ಪಕ್ಕದ ದೊಡ್ಡ ಊರಿಗೆ ನಡೆಯಬೇಕು. ನಾಲ್ಕೈದು ಕಿಲೋಮೀಟರ್. ಹುಡುಗಿ ಅಷ್ಟೊತ್ತಿಗೆ ದೊಡ್ಡವಳಾಗಿರುತ್ತಾಳೆ. ಹೊಲದ ದಾರಿ, ಸಂಜೆಯ ಹೊತ್ತು. ಸಾಕು ಬಿಡವ್ವಾ ಅಂತ ಶಾಲೆ ಬಿಡಿಸುತ್ತಿದ್ದದ್ದು ಇದೇ ಜಾಗದಲ್ಲಿ. ಇಡೀ ಶಿಕ್ಷಣ ವ್ಯವಸ್ಥೆಯಲ್ಲಿ ಹರಿದಿದ್ದ ಆ ಒಂದು ಜಾಗಕ್ಕೆ ತೇಪೆ ಹಾಕಿದಂತೆ ಸೈಕಲ್ ಬಂತು.

ಅದೇ 2006ರಲ್ಲಿ ಬಿಹಾರದಲ್ಲೂ ಹುಡುಗಿಯರಿಗೆ ಸೈಕಲ್ ಕೊಡಲು ಶುರು ಮಾಡಿದರು. ಕಾರ್ತಿಕ್ ಮುರಳೀಧರನ್ ಮತ್ತು ನಿಶೀಥ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದರ ಪರಿಣಾಮ ಅಳೆದರು. ಪ್ರೌಢಶಾಲೆಗೆ ಸೇರುವ ವಯಸ್ಸಿನ ಹುಡುಗಿಯರ ದಾಖಲಾತಿ ಶೇ 32ರಷ್ಟು ಏರಿತ್ತು, ಹುಡುಗ-ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ಕುಗ್ಗಿತ್ತು. ಶಾಲೆ ದೂರ ಇದ್ದ ಹಳ್ಳಿಗಳಲ್ಲೇ ಲಾಭ ಹೆಚ್ಚು. ಕೈಗೆ ದುಡ್ಡು ಕೊಟ್ಟಿದ್ದರೆ ಇಷ್ಟು ಆಗುತ್ತಿರಲಿಲ್ಲ. ಸೈಕಲ್ ಆದರೆ ಹುಡುಗಿಯರು ಗುಂಪಾಗಿ ಹೋಗುತ್ತಾರೆ, ಹತ್ತು ಜನ ಹೋದರೆ ಹನ್ನೊಂದನೆಯವಳನ್ನು ತಡೆಯುವುದು ಕಷ್ಟ.

ನಮ್ಮ ಕಡೆಯ ರಸ್ತೆಗಳಲ್ಲೂ ಅದೇ ಆಯಿತು. ಬೆಳಿಗ್ಗೆ ಒಂಬತ್ತಕ್ಕೆ ಸಮವಸ್ತ್ರದ ಹುಡುಗಿಯರು ಸಾಲಾಗಿ ಸೈಕಲ್ ಮೇಲೆ ಬರುವುದು ಎರಡು ಮೂರು ವರ್ಷದಲ್ಲಿ ಎಷ್ಟು ಸಾಮಾನ್ಯವಾಯಿತೆಂದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಆ ತಿರುಗಿ ನೋಡದೆ ಇದ್ದದ್ದೇ ಯೋಜನೆಯ ದೊಡ್ಡ ಗೆಲುವು ಅಂತ ನನ್ನ ಎಣಿಕೆ. ತಕರಾರು ಇರಲಿಲ್ಲವೆಂದಲ್ಲ. ಸೈಕಲ್ ಬಿಡಿಬಿಡಿಯಾಗಿ ಬಂದು ಶಾಲೆಯ ವರಾಂಡದಲ್ಲಿ ತಿಂಗಳುಗಟ್ಟಲೆ ಬೀಳುವುದು, ಜೋಡಿಸಿದ ಮೇಲೆ ಪೆಡಲ್ ಕಳಚುವುದು, ಬ್ರೇಕ್ ಹಿಡಿಯದಿರುವುದು. ಪೋಷಕರು ಕೈಯಿಂದ ಮುನ್ನೂರು ನಾನೂರು ಖರ್ಚು ಮಾಡಿ ಸರಿ ಮಾಡಿಸಿಕೊಂಡು ಓಡಿಸುತ್ತಿದ್ದರು. ಕೊರೊನಾ ಬಂದ 2020ರಲ್ಲಿ ಶಾಲೆಯ ಬಾಗಿಲು ಮುಚ್ಚಿತು, ಸೈಕಲ್ ವಿತರಣೆಯೂ ನಿಂತಿತು. ಶಾಲೆ ಮತ್ತೆ ತೆರೆದಾಗ ಮಕ್ಕಳು ಬಂದರು, ಸೈಕಲ್ ಬರಲಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಉಚಿತ. ಅದು ದೊಡ್ಡ ಅನುಕೂಲ, ಅಲ್ಲಗಳೆಯುವುದಿಲ್ಲ. ಆದರೆ ಬಸ್ಸು ಮುಖ್ಯರಸ್ತೆಯಲ್ಲಿ ಬರುತ್ತದೆ, ತನ್ನ ಹೊತ್ತಿಗೆ ಬರುತ್ತದೆ, ತುಂಬಿದ್ದರೆ ನಿಲ್ಲುವುದಿಲ್ಲ. ತೋಟದ ವಸ್ತಿಯಿಂದ ಮುಖ್ಯರಸ್ತೆಗೆ ಎರಡು ಕಿಲೋಮೀಟರ್ ಇರುವ ಹುಡುಗಿಗೆ ಆ ಎರಡು ಕಿಲೋಮೀಟರ್ ಇನ್ನೂ ನಡಿಗೆಯೇ. ತಿಕೋಟಾ, ಬಬಲೇಶ್ವರ ಕಡೆ ತೋಟದಲ್ಲೇ ಮನೆ ಮಾಡಿಕೊಂಡವರು ಎಷ್ಟು ಜನ ಅಂತ ನಿಮಗೇ ಗೊತ್ತು.

ಗಂಡಸರು ಸೈಕಲ್ ಬಿಟ್ಟ ಕತೆ ಬೇರೆ. 1980ರಲ್ಲಿ ಟಿವಿಎಸ್ 50 ಬಂತು. 1985ರಲ್ಲಿ ಹೀರೋ ಹೋಂಡಾ ಸಿಡಿ 100. ಸೈಕಲ್ ಕೊಟ್ಟ ಮುಂಜಾಲರ ಮನೆತನವೇ ಸೈಕಲ್ಲನ್ನು ಮೂಲೆಗೆ ಸೇರಿಸುವ ಬೈಕನ್ನೂ ಕೊಟ್ಟಿತು. ಮದುವೆಯ ಮಾತುಕತೆಯಲ್ಲಿ ಸೈಕಲ್ ಇದ್ದ ಜಾಗಕ್ಕೆ ಬೈಕ್ ಬಂದು ಕೂತಿತು. ನಮ್ಮ ಭಾಗದಲ್ಲಿ ಇದಕ್ಕೆ ದ್ರಾಕ್ಷಿಯೂ ಕಾರಣ. ಕೊಳವೆಬಾವಿ, ಆಮೇಲೆ ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು. ಬಿಳಿಜೋಳದ ಹೊಲ ದ್ರಾಕ್ಷಿ ತೋಟವಾಯಿತು, ಮನೂಕಿನ ಶೆಡ್ ಎದ್ದವು. ಔಷಧ, ಗೊಬ್ಬರ, ಕೂಲಿಯಾಳು ಎಲ್ಲ ಗಳಿಗೆಗೆ ಬೇಕು. ಒಂದೂವರೆ ತಾಸಿನ ಸೈಕಲ್ ದಾರಿಗೆ ಪುರುಸೊತ್ತು ಯಾರಿಗಿದೆ? ನೀರು ಬಂದ ದಾರಿಯಲ್ಲೇ ಸೈಕಲ್ ಹೋಯಿತು. ಇದನ್ನು ದೂರು ಅಂತ ಹೇಳುತ್ತಿಲ್ಲ. ಬರಗಾಲದ ನಾಡಿನ ರೈತ ಬೈಕ್ ಕೊಂಡರೆ ಕೊಂಕು ಆಡುವುದು ಪೇಟೆಯವರ ಚಾಳಿ.

ಆದರೂ ಸೈಕಲ್ ಸತ್ತಿಲ್ಲ. 2001ರ ಜನಗಣತಿಯಲ್ಲಿ ದೇಶದ ಶೇ 43.7 ಮನೆಗಳಲ್ಲಿ ಸೈಕಲ್ ಇತ್ತು, 2011ರಲ್ಲಿ ಶೇ 44.8. ಆಮೇಲಿನ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ 50ರ ಆಸುಪಾಸು. ಪಶ್ಚಿಮ ಬಂಗಾಳದಲ್ಲಂತೂ ನಾಲ್ಕರಲ್ಲಿ ಮೂರು ಮನೆಗೂ ಹೆಚ್ಚು. ಮನೆಯಲ್ಲಿ ಸೈಕಲ್ ಇದೆ, ರಸ್ತೆಗೆ ಬರುವುದು ಕಡಿಮೆಯಾಗಿದೆ. ಇನ್ನೊಂದು ಕಡೆ, 2020ರ ಜೂನ್ 3ರಂದು ಅಟ್ಲಾಸ್ ಕಂಪನಿ ತನ್ನ ಕೊನೆಯ ದೊಡ್ಡ ಕಾರ್ಖಾನೆಯಾದ ಸಾಹಿಬಾಬಾದ್ ಘಟಕದ ಕೆಲಸ ನಿಲ್ಲಿಸಿತು. ಆ ದಿನ ವಿಶ್ವ ಸೈಕಲ್ ದಿನ.

ರಸ್ತೆಗೆ ಬರದಿರಲು ಭಯವೂ ಒಂದು ಕಾರಣ. ರಸ್ತೆ ಅಗಲವಾದಷ್ಟೂ ಲಾರಿ, ಟಿಪ್ಪರ್, ಕಬ್ಬಿನ ಟ್ರ್ಯಾಕ್ಟರುಗಳ ವೇಗ ಹೆಚ್ಚಾಯಿತು. ಬಿಳಿ ಪಟ್ಟಿಯ ಆಚೆ ಸೈಕಲ್ಲಿಗೆ ಉಳಿದದ್ದು ಮುಳ್ಳುಕಂಟಿ ಮತ್ತು ಜಲ್ಲಿ. ಹಾಲೆಂಡಿನವರು ಸೈಕಲ್ ಪ್ರಿಯರು ಅಂತ ಕೇಳಿರುತ್ತೀರಿ. ಅಲ್ಲಿಯೂ 1950, 60ರ ದಶಕದಲ್ಲಿ ಕಾರು ಬಂದು ಸೈಕಲ್ ಮೂಲೆಗುಂಪಾಗಿತ್ತು. 1971ರಲ್ಲಿ ಒಂದೇ ವರ್ಷ ಸುಮಾರು 3,300 ಜನ ರಸ್ತೆಯಲ್ಲಿ ಸತ್ತರು, ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಕ್ಕಳ ಕೊಲೆ ನಿಲ್ಲಿಸಿ ಎಂಬ ಹೆಸರಿನಲ್ಲೇ ತಂದೆತಾಯಿಗಳು ಬೀದಿಗಿಳಿದರು. 1973ರಲ್ಲಿ ತೈಲದ ಬಿಕ್ಕಟ್ಟೂ ಬಂತು. ಆಮೇಲೆ ಸೈಕಲ್ಲಿಗೆ ಬೇರೆ ದಾರಿ ಕಟ್ಟಿದರು. ಅದು ಅವರಿಗೆ ಹುಟ್ಟಿನಿಂದ ಬಂದ ಗುಣವಲ್ಲ, ಜಗಳ ಮಾಡಿ ಪಡೆದದ್ದು. ನಮ್ಮ ರಾಜ್ಯದಲ್ಲಿ ಮೈಸೂರಿನಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಹೆಸರಿನಲ್ಲಿ ಸಾರ್ವಜನಿಕ ಬಾಡಿಗೆ ಸೈಕಲ್ ಶುರು ಮಾಡಿದರು. ಕಾರ್ಡ್ ತೋರಿಸಿ ಒಂದು ನಿಲ್ದಾಣದಲ್ಲಿ ತೆಗೆದುಕೊಂಡು ಇನ್ನೊಂದರಲ್ಲಿ ಬಿಡುವ ವ್ಯವಸ್ಥೆ. ನಮ್ಮ ತಾಸಿನ ಬಾಡಿಗೆ ಅಂಗಡಿಯೇ ಕಂಪ್ಯೂಟರ್ ಕಲಿತು ಬಂದಂತೆ. ಗೋಳಗುಮ್ಮಟ, ಬಾರಾ ಕಮಾನ್, ತಾಜ್ ಬಾವಡಿ, ಇಬ್ರಾಹಿಂ ರೋಜಾ ಎಲ್ಲ ಕೆಲವೇ ಕಿಲೋಮೀಟರಿನೊಳಗೆ ಇರುವ, ಏರುತಗ್ಗು ಇಲ್ಲದ ವಿಜಯಪುರಕ್ಕೆ ಅದು ಮೈಸೂರಿಗಿಂತ ಚೆನ್ನಾಗಿ ಹೊಂದುತ್ತದೆ. ಬಿಸಿಲೊಂದು ಬಿಟ್ಟರೆ.

ಈಚೆಗೆ ನಗರದಲ್ಲಿ ಹೊಸ ಸವಾರರು ಬಂದಿದ್ದಾರೆ. ಡಾಕ್ಟರು, ವ್ಯಾಪಾರಿಗಳು, ಕಾಲೇಜು ಹುಡುಗರು. ಭಾನುವಾರ ಬೆಳಿಗ್ಗೆ ಗುಂಪಾಗಿ ಹೊರಡುತ್ತಾರೆ. ಅವರ ಸೈಕಲ್ಲುಗಳಲ್ಲಿ ತರಹೇವಾರಿ. ಗುಡ್ಡ ಹತ್ತಲು ಮಾಡಿದ ದಪ್ಪ ಟಯರಿನ ಮೌಂಟೇನ್ ಬೈಕ್, ತೆಳು ಟಯರಿನ ರೋಡ್ ಬೈಕ್, ಎರಡರ ನಡುವಿನ ಹೈಬ್ರಿಡ್, ಮಡಚುವ ಸೈಕಲ್, ಬ್ಯಾಟರಿಯದು. ಗುಡ್ಡವೇ ಇಲ್ಲದ ಊರಿನಲ್ಲಿ ಮುಂದೆ ಹಿಂದೆ ಸ್ಪ್ರಿಂಗ್ ಇರುವ ಸೈಕಲ್ ಯಾಕೆ ಅಂತ ನನಗೆ ಅರ್ಥವಾಗಿಲ್ಲ. ತುಳಿದ ಶಕ್ತಿಯೆಲ್ಲ ಸ್ಪ್ರಿಂಗ್ ಕುಣಿಯುವುದಕ್ಕೇ ಹೋಗುತ್ತದೆ. ಮಕ್ಕಳು ಹಟ ಹಿಡಿಯುವ ತೀರಾ ದಪ್ಪ ಟಯರಿನದಂತೂ ನಮ್ಮ ಎದುರುಗಾಳಿಗೆ ಶಿಕ್ಷೆ. ಹೊಸದು ಕೊಳ್ಳುವವರಿದ್ದರೆ, ಸುಮಾರು 35ರಿಂದ 40 ಮಿಲಿಮೀಟರ್ ಟಯರಿನ, ಸ್ಪ್ರಿಂಗ್ ಇಲ್ಲದ ಹೈಬ್ರಿಡ್ ಈ ರಸ್ತೆಗೆ ಸಾಕು. ಮುಳ್ಳಿಗೆ ಟ್ಯೂಬಿನೊಳಗೆ ಹಾಕುವ ಸೀಲೆಂಟ್ ಬಂದಿದೆ.

ಇನ್ನು ಆ ಬೆಳಗಿನ ಹುಡುಗರು. ಕ್ರೀಡಾ ಇಲಾಖೆ ವಿಜಯಪುರ, ಬಾಗಲಕೋಟೆ, ಗದಗದಲ್ಲಿ ಸೈಕ್ಲಿಂಗ್‌ಗೆಂದೇ ಕ್ರೀಡಾ ವಸತಿನಿಲಯ ನಡೆಸುತ್ತದೆ, ಬೆಳಗಾವಿ ಜಿಲ್ಲೆಯ ಚಂದರಗಿಯಲ್ಲಿ ಕ್ರೀಡಾ ಶಾಲೆ ಇದೆ. ಇಲ್ಲಿಗೆ ಬರುವವರು ಹೆಚ್ಚಾಗಿ ರೈತರ, ಕೂಲಿಯವರ, ತಾಂಡಾಗಳ ಮಕ್ಕಳು. ಸಪಾಟು ರಸ್ತೆ, ಎದುರುಗಾಳಿ, ಬಿಸಿಲು, ಚಿಕ್ಕಂದಿನಿಂದ ತುಳಿದ ಕಾಲು. ಇವಿಷ್ಟು ಜಿಲ್ಲೆ ಅವರಿಗೆ ಪುಕ್ಕಟೆಯಾಗಿ ಕೊಟ್ಟಿದೆ. ಉಳಿದದ್ದಕ್ಕೆ ದುಡ್ಡು ಬೇಕು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ರೇಸ್ ಸೈಕಲ್ 6.8 ಕಿಲೋಗಿಂತ ಕಡಿಮೆ ತೂಗಬಾರದು. ಅಂದರೆ ತಾತನ ಸೈಕಲ್ಲಿನ ಮೂರನೇ ಒಂದು ಪಾಲು. ಆ ತೂಕಕ್ಕೆ ಇಳಿಸಬೇಕಾದರೆ ಕಾರ್ಬನ್ ಚೌಕಟ್ಟು ಬೇಕು, ಅದು ಬಿದ್ದು ಬಿರುಕು ಬಿಟ್ಟರೆ ತಿಕೋಟಾದ ಕಮ್ಮಾರ ಏನೂ ಮಾಡಲಾರ. ಮಗ ಅಥವಾ ಮಗಳಿಗೆ ಸಾಲ ಮಾಡಿ ಸೈಕಲ್ ಕೊಡಿಸುವ ಅಪ್ಪಂದಿರು ಈಗಲೂ ಇದ್ದಾರೆ. ಈ ಸಲ ಆಸೆ ರೈಲ್ವೆಯಲ್ಲೋ, ಸೇನೆಯಲ್ಲೋ, ಪೊಲೀಸ್ ಇಲಾಖೆಯಲ್ಲೋ ಕ್ರೀಡಾ ಕೋಟಾದ ನೌಕರಿ.

ಟ್ರ್ಯಾಕ್ ಸೈಕ್ಲಿಂಗ್‌ನ ಸೈಕಲ್ಲಿಗೆ ಬ್ರೇಕೇ ಇರುವುದಿಲ್ಲ. ಪೆಡಲ್ ನಿಂತರೆ ಗಾಲಿ ನಿಲ್ಲುತ್ತದೆ, ಅಷ್ಟೇ. ಅದನ್ನು ಓಡಿಸಲು ಬದಿ ಎತ್ತರಿಸಿದ ಬಾಣಲೆಯಂಥ ವೆಲೋಡ್ರೋಮ್ ಬೇಕು. ವಿಜಯಪುರದ ಭೂತನಾಳ ಕೆರೆಯ ಹತ್ತಿರ ಅಂಥದ್ದೊಂದನ್ನು ಕಟ್ಟುವ ಕೆಲಸ ವರ್ಷಗಟ್ಟಲೆ ತೆವಳಿತು. ಹದಿನಾಲ್ಕಕ್ಕೆ ವಸತಿನಿಲಯ ಸೇರಿದ ಮಗು ಅದು ಮುಗಿಯುವುದನ್ನು ಕಾಯುತ್ತ ತನ್ನ ಆಟದ ವಯಸ್ಸೇ ಮುಗಿಸಿಕೊಂಡಿತು. ಅಲ್ಲಿಯವರೆಗೆ ಅಭ್ಯಾಸ ಹೆದ್ದಾರಿಯಲ್ಲಿ, ಲಾರಿಗಳ ನಡುವೆ. ದೇಶಕ್ಕೆ ಪದಕ ತರುವ ಹುಡುಗಿಯೂ ಮೇವು ತರುವ ಮುದುಕನೂ ಒಂದೇ ಬಿಳಿ ಪಟ್ಟಿಯ ಅಂಚಿನಲ್ಲಿ, ಒಂದೇ ಹಾರ್ನಿಗೆ ಬೆಚ್ಚಿ ಬದಿಗೆ ಸರಿಯುತ್ತಾರೆ.

ಮುದುಕನ ಸೈಕಲ್ ಬಗ್ಗೆ ಒಂದು ಮಾತು ಬಿಟ್ಟುಹೋಯಿತು. ನಮ್ಮ ಹಳ್ಳಿಗಳಲ್ಲಿ ಈಗ ಹೊಲಕ್ಕೆ ಹೋಗುವ ಸೈಕಲ್ಲುಗಳನ್ನು ಗಮನಿಸಿ ನೋಡಿ. ಕರೀ ಅಟ್ಲಾಸ್ ಕಡಿಮೆ. ಬಾರ್ ಇಲ್ಲದ, ತಗ್ಗಿದ ಚೌಕಟ್ಟಿನ, ಮುಂದೆ ಬುಟ್ಟಿ ಇದ್ದ ಗುರುತಿರುವ ಸೈಕಲ್ಲುಗಳೇ ಹೆಚ್ಚು. ಸರ್ಕಾರ ಎಂಟನೇ ತರಗತಿಯ ಹುಡುಗಿಗೆ ಕೊಟ್ಟವು. ಹುಡುಗಿ ಓದು ಮುಗಿಸಿ, ಮದುವೆಯಾಗಿ ಅಥವಾ ನೌಕರಿಗೆ ಸೇರಿ ಊರು ಬಿಟ್ಟು ವರ್ಷಗಳಾದವು. ಬಣ್ಣ ಹೋಗಿದೆ, ಬುಟ್ಟಿಯ ಜಾಗದಲ್ಲಿ ತಂತಿಯಿಂದ ಕಟ್ಟಿದ ಬುತ್ತಿಯ ಚೀಲ. ಬಾರ್ ಇಲ್ಲದ್ದರಿಂದ ಮಂಡಿನೋವಿನ ಅಪ್ಪನಿಗೆ ಹತ್ತಲು ಸುಲಭ. ಬ್ರೇಕ್ ಈಗಲೂ ಸರಿಯಾಗಿ ಹಿಡಿಯುವುದಿಲ್ಲ, ಚಪ್ಪಲಿಯನ್ನು ನೆಲಕ್ಕೆ ಒತ್ತಿ ನಿಲ್ಲಿಸುತ್ತಾನೆ.